ಒಬ್ಬನೇ ಆಡುವ ಮಗ, ಗುಂಪಿನಲ್ಲಿ ಆಡುವ ಮಗಳು



2023ರ ಕಕ್ಕಡ ತಿಂಗಳು. ಕೊಡಗಿನ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ದಿನದಿಂದ ಕರೆಂಟು ಇರಲಿಲ್ಲ. ಗುರುಮನೆಯ ಜಗಲಿಯಲ್ಲಿ ಹಾಕಿದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹಿಡಿದಿತ್ತು. ಸಂಜೆ ಆರರ ಹೊತ್ತಿಗೆ, ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವ ನಮ್ಮ ಧರ್ಮಕೇಂದ್ರದ ಒಬ್ಬರು ಪಿಯುಸಿ ಓದುವ ಮಗನನ್ನು ಒಂದೇ ಕೊಡೆಯಡಿ ಎಳೆದುಕೊಂಡು ಬಂದರು. “ಸ್ವಾಮಿ, ಇವನ ತಲೆಯ ಮೇಲೆ ಕೈಯಿಟ್ಟು ಈ ಫೋನಿನ ಭೂತ ಬಿಡಿಸಿ” ಎಂದರು. ಹುಡುಗ ತೋಟದ ಬಂಗಲೆಯ ಜನರೇಟರಿನಲ್ಲಿ ಫೋನು ಚಾರ್ಜು ಮಾಡಿಕೊಂಡು, ಸಿಗ್ನಲ್ ಸಿಗುವ ಅಡುಗೆಮನೆಯ ಕಿಟಕಿಯ ಬಳಿ ಕೂತು, ರಾತ್ರಿ ಯಾರ ಯಾರ ಜೊತೆಗೋ ಮಾತಾಡುತ್ತಾ ಆಟ ಆಡುತ್ತಾನಂತೆ. ಆ ಯಾರು ಯಾರೋ ಯಾರೆಂದು ಅಪ್ಪನಿಗೆ ಗೊತ್ತಿಲ್ಲ. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.)

ನಾನು ಆ ದಿನ ಕೊಟ್ಟ ಬುದ್ಧಿಮಾತು ಹೀಗಿತ್ತು: ಗುರುತು ಪರಿಚಯವಿಲ್ಲದವರ ಸಹವಾಸ ಬಿಡು. ಆಡಲೇಬೇಕಿದ್ದರೆ ಒಬ್ಬನೇ ಆಡು. ಅಪ್ಪನಿಗೆ ಸಂತೋಷವಾಯಿತು. ಹುಡುಗ ತಲೆತಗ್ಗಿಸಿ “ಆಯ್ತು ಸ್ವಾಮಿ” ಎಂದ. ವಿಧೇಯ ಹುಡುಗ, ಹೇಳಿದಂತೆಯೇ ಮಾಡಿದ.

ಆಗಮನ ಕಾಲದಲ್ಲಿ ಅವನ ತಾಯಿ ಬಂದರು. ಕಣ್ಣಲ್ಲಿ ನೀರು. “ಮೊದಲಾದರೆ ಅವನು ನಗುವುದಾದರೂ ಕೇಳುತ್ತಿತ್ತು ಸ್ವಾಮಿ. ಈಗ ಶಬ್ದವೇ ಇಲ್ಲ. ಮೊದಲು ಹನ್ನೊಂದಕ್ಕೆ ಮಲಗುತ್ತಿದ್ದ, ಈಗ ಎರಡಾದರೂ ಬೆಳಕು ಆರುವುದಿಲ್ಲ.” ನಾನು ಹುಡುಗನನ್ನು ಕರೆಸಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಮೊದಲು ಹನ್ನೊಂದಕ್ಕೆ ಏಕೆ ನಿಲ್ಲಿಸುತ್ತಿದ್ದೆ?

ಅವನು ಹೇಳಿದ್ದನ್ನು ಕೇಳಿ ನನಗೆ ನಾಚಿಕೆಯಾಯಿತು. ಅವನ ಗುಂಪಿನಲ್ಲಿ ಐವರು. ಇವನು ಒಬ್ಬ, ಸುಂಟಿಕೊಪ್ಪದ ಕಡೆಯ ಒಬ್ಬ, ಕಾಸರಗೋಡಿನ ಇಬ್ಬರು, ಮತ್ತೆ ಕೊಲ್ಲಿ ದೇಶದಲ್ಲಿ ನರ್ಸ್ ಆಗಿರುವ ಬೆಳ್ತಂಗಡಿ ಕಡೆಯ ಒಬ್ಬ ಅಕ್ಕ. ಆಟದಲ್ಲಿ ಗಾಯಗೊಂಡವರನ್ನು ಗುಣಪಡಿಸುವ ಪಾತ್ರ ಅಕ್ಕನದು. ನಮ್ಮ ಗಡಿಯಾರದಲ್ಲಿ ಹನ್ನೊಂದಕ್ಕೆ ಆಕೆಗೆ ರಾತ್ರಿ ಪಾಳಿಗೆ ಹೊರಡುವ ಹೊತ್ತು. “ಹನ್ನೊಂದಾಯ್ತು, ಮಲಗಿ ಮಕ್ಕಳೇ” ಎಂದು ಹೇಳಿ ಹೊರಡುತ್ತಿದ್ದಳು. ಗುಣಪಡಿಸುವವಳು ಇಲ್ಲದೆ ಉಳಿದವರು ಮುಂದೆ ಹೋಗುವಂತಿರಲಿಲ್ಲ, ಆಟ ನಿಲ್ಲುತ್ತಿತ್ತು. ಒಬ್ಬನೇ ಆಡತೊಡಗಿದ ಮೇಲೆ ಸಾಕು ಎನ್ನುವವರು ಯಾರೂ ಇರಲಿಲ್ಲ. “ಒಬ್ಬನೇ ಆಡಿದರೆ ಆಟ ಮುಗಿಯುವುದೇ ಇಲ್ಲ ಸ್ವಾಮಿ” ಎಂದ.

ಗುರುಮಠದಲ್ಲಿ ಹತ್ತು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನಗೆ ಆ ಒಂದು ವಾಕ್ಯ ಹೊಳೆದಿರಲಿಲ್ಲ. ಅಲ್ಲಿಂದ ಈ ಆಟಗಳ ಬಗ್ಗೆ ಓದತೊಡಗಿದೆ, ನಮ್ಮ ಯುವಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡತೊಡಗಿದೆ. ಆಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಇವು ಪಾತ್ರ ವಹಿಸಿ ಆಡುವ ಆಟಗಳು. ಆಡುವವನು ಒಬ್ಬ ಯೋಧನೋ, ಬಿಲ್ಲುಗಾರನೋ, ವೈದ್ಯನೋ ಆಗಿ ಒಂದು ಕಲ್ಪನೆಯ ರಾಜ್ಯದಲ್ಲಿ ಸಂಚರಿಸುತ್ತಾನೆ. ಇವುಗಳ ಮೂಲ ಕಂಪ್ಯೂಟರಲ್ಲ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಗೆಳೆಯರು ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, ದಾಳ ಹಿಡಿದು ಆಡುತ್ತಿದ್ದರು. ಮಾತುಕತೆಯೇ ಅದರ ಜೀವ. 1980ರ ದಶಕದಲ್ಲಿ ಮನೆಗೆ ಬಂದ ಕಂಪ್ಯೂಟರು ಮೇಜಿನ ಸುತ್ತಲಿದ್ದ ಗೆಳೆಯರನ್ನು ಎಬ್ಬಿಸಿ ಕಳುಹಿಸಿ, ಆ ಆಟವನ್ನು ಒಬ್ಬನೇ ಆಡುವಂತೆ ಮಾಡಿತು. ಅಷ್ಟರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಹಲವರು ಒಂದೇ ಲೋಕದಲ್ಲಿ ಸೇರಿ ಆಡುವ ಆಟವನ್ನು 1978ರಲ್ಲೇ ಶುರುಮಾಡಿದ್ದರು. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಯಂತ್ರ ಬೇರೆ ಮಾಡಿದ ಗೆಳೆಯರನ್ನು ತಂತಿಯ ಮೂಲಕ ಮತ್ತೆ ಕೂಡಿಸುವ ಹಂಬಲ ಅಂದಿನಿಂದ ಇಂದಿನವರೆಗೂ ಈ ಆಟಗಳಲ್ಲಿ ಮುಂದುವರಿದಿದೆ.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಆರಂಭದ ದೊಡ್ಡ ಕಾಳಗಗಳಿಗೆ ನಲವತ್ತು ಜನ ಒಟ್ಟಿಗೆ ಸೇರಬೇಕಿತ್ತು. ಚಿಕ್ಕ ಗುಂಪಾದರೆ ಐವರು: ಏಟು ತಡೆದುಕೊಳ್ಳುವವನು ಒಬ್ಬ, ಗುಣಪಡಿಸುವವನು ಒಬ್ಬ, ಹೊಡೆಯುವವರು ಮೂವರು. ಇಷ್ಟೆಲ್ಲ ಇದ್ದರೂ, 2006ರಲ್ಲಿ ನಿಕೊಲಾ ದುಶೆನೋ ಮತ್ತು ಸಂಗಡಿಗರು ಆ ಆಟವನ್ನು ಅಧ್ಯಯನ ಮಾಡಿದಾಗ ಕಂಡದ್ದು ಬೇರೆ. ಸಾವಿರಾರು ಜನರಿರುವ ಆ ಲೋಕದಲ್ಲಿ ಬಹಳ ಮಂದಿ ಬಹಳ ಹೊತ್ತು ಒಂಟಿಯಾಗಿಯೇ ಆಡುತ್ತಿದ್ದರು. ಸುತ್ತ ಜನರಿರಬೇಕು, ಆದರೆ ತನ್ನ ಪಾಡಿಗೆ ತಾನಿರಬೇಕು.

ಇದೇನೂ ವಿಚಿತ್ರವಲ್ಲ. ಜನವರಿಯಲ್ಲಿ ನಮ್ಮ ತೋಟಗಳಿಗೆ ಹೋಗಿ ನೋಡಿ. ಕಾಫಿ ಕೊಯ್ಯುವವರು ಸಾಲಾಗಿ ನಿಂತಿರುತ್ತಾರೆ. ಅವರವರ ಗಿಡ ಅವರವರದು, ಅವರವರ ಚೀಲ ಅವರವರದು, ಸಂಜೆ ತೂಕ ಹಾಕುವಾಗ ಅವರವರ ಕಿಲೋ ಅವರವರ ಲೆಕ್ಕಕ್ಕೆ. ಆದರೂ ಸಾಲು ಬಿಟ್ಟು ದೂರ ಹೋಗಿ ಕೊಯ್ಯುವವರು ಇಲ್ಲ. ಒಬ್ಬಳು ಹಾಡು ಹೇಳುತ್ತಾಳೆ, ಇನ್ನೊಬ್ಬಳು ಆನೆ ಬಂದ ಸುದ್ದಿ ಹೇಳುತ್ತಾಳೆ. ಇದು ಒಂಟಿತನವೂ ಅಲ್ಲ, ಕೂಟವೂ ಅಲ್ಲ. ನಡುವಿನ ಒಂದು ಸ್ಥಿತಿ, ಮನುಷ್ಯನಿಗೆ ಹಿತವಾದ ಸ್ಥಿತಿ. ಮಗ ಯಾರೊಂದಿಗೂ ಮಾತಾಡದೆ ಆ ಲೋಕದಲ್ಲಿ ಸುಮ್ಮನೆ ಮೀನು ಹಿಡಿಯುತ್ತಾ ಕೂತಿದ್ದರೆ ಅದನ್ನು ತಕ್ಷಣ ರೋಗವೆಂದು ಕರೆಯಬೇಡಿ.

ಶುಭಸಂದೇಶಕಾರ ಮಾರ್ಕನನ್ನು ಓದುವಾಗ ಈ ಏರಿಳಿತವನ್ನು ಗಮನಿಸಿದ್ದೀರಾ? ಮೊದಲನೆಯ ಅಧ್ಯಾಯದಲ್ಲಿ ಇಡೀ ಊರೇ ಬಾಗಿಲಲ್ಲಿ ನೆರೆದ ಸಂಜೆಯ ಮರುದಿನ, ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗುತ್ತಾರೆ. ಪೇತ್ರ ಮತ್ತು ಸಂಗಡಿಗರು ಹುಡುಕಿಕೊಂಡು ಬಂದಾಗ ಅಲ್ಲೇ ಕೂತುಬಿಡುವುದಿಲ್ಲ, ಮುಂದಿನ ಊರುಗಳಿಗೆ ಹೊರಡುತ್ತಾರೆ. ಆರನೆಯ ಅಧ್ಯಾಯದಲ್ಲಿ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸುತ್ತಾರೆ, ಒಬ್ಬೊಬ್ಬರನ್ನಲ್ಲ. ಅವರು ದಣಿದು ಮರಳಿದಾಗ, ಜನರಿಂದ ದೂರ ಹೋಗಿ ವಿಶ್ರಮಿಸಿಕೊಳ್ಳಲು ಹೇಳುತ್ತಾರೆ. ಏಕಾಂತವೂ ಸಹವಾಸವೂ ಎರಡು ಉಸಿರಿನಂತೆ; ಒಂದನ್ನು ಮಾತ್ರ ಎಳೆದುಕೊಂಡು ಬದುಕಲಾಗದು.

ಏಕಾಂತಕ್ಕೆಂದೇ ಬದುಕು ಕೊಟ್ಟವರೂ ಇದನ್ನು ಬಲ್ಲರು. ಸಂತ ಬ್ರೂನೊ 1084ರಲ್ಲಿ ಫ್ರಾನ್ಸಿನ ಬೆಟ್ಟದಲ್ಲಿ ಆರಂಭಿಸಿದ ಕಾರ್ಥೂಸಿಯನ್ ಮಠದಲ್ಲಿ ಒಬ್ಬೊಬ್ಬ ಸನ್ಯಾಸಿಗೂ ಬೇರೆ ಬೇರೆ ಕುಟೀರ, ಚಿಕ್ಕ ಹಿತ್ತಿಲು. ಊಟವೂ ಬಹುತೇಕ ಒಬ್ಬನೇ. ಇಷ್ಟು ಕಠಿಣ ಮೌನದ ಮಠದಲ್ಲೂ ರಾತ್ರಿ ಪ್ರಾರ್ಥನೆಗೆ ಎಲ್ಲರೂ ಕೂಡುತ್ತಾರೆ. ಭಾನುವಾರದ ಊಟ ಒಟ್ಟಿಗೆ. ವಾರಕ್ಕೊಮ್ಮೆ ಕೆಲವು ಗಂಟೆ ಕಾಡಿನಲ್ಲಿ ಜೊತೆಜೊತೆಯಾಗಿ ಮಾತಾಡುತ್ತಾ ನಡೆಯುತ್ತಾರೆ. ಬ್ರೂನೊಗಿಂತ ಏಳು ಶತಮಾನ ಹಿಂದೆ ಸಂತ ಬೆಸಿಲ್ ಇನ್ನೂ ನೇರವಾಗಿ ಕೇಳಿದ್ದರು: ಒಂಟಿಯಾಗಿ ಇರುವವನು ಯಾರ ಪಾದ ತೊಳೆದಾನು?

ಆ ಪ್ರಶ್ನೆ ಇಂದಿನ ಆಟಗಳಿಗೂ ಸಲ್ಲುತ್ತದೆ. ‘ಫೈನಲ್ ಫ್ಯಾಂಟಸಿ 14’ ಎಂಬ ಆಟ ಹಿಂದೆ ಮನುಷ್ಯರ ಜೊತೆಗೇ ಹೋಗಬೇಕಿದ್ದ ಗುಹೆಗಳಿಗೆ ಯಂತ್ರವೇ ನಡೆಸುವ ಸಂಗಡಿಗರನ್ನು ಕರೆದುಕೊಂಡು ಹೋಗುವ ಸೌಲಭ್ಯವನ್ನು 2019ರಿಂದ ಕೊಡುತ್ತಾ ಬಂದಿದೆ. ನಾಚಿಕೆ ಸ್ವಭಾವದವರಿಗೆ, ಸಮಯ ಹೊಂದದವರಿಗೆ ಇದು ಉಪಕಾರವೇ. ಆದರೆ ಈ ಸಂಗಡಿಗರು ತಡಮಾಡುವುದಿಲ್ಲ, ಬೈಯುವುದಿಲ್ಲ, ಕರೆಂಟು ಹೋಯಿತೆಂದು ನಡುವೆ ಮಾಯವಾಗುವುದಿಲ್ಲ. ಅವರನ್ನು ಕ್ಷಮಿಸುವ ಸಂದರ್ಭವೇ ಬರುವುದಿಲ್ಲ, ಅವರಿಂದ ಕ್ಷಮೆ ಕೇಳುವ ಸಂದರ್ಭವೂ ಬರುವುದಿಲ್ಲ. ಇಂಥವರ ಜೊತೆಗೇ ಬೆಳೆದ ಹುಡುಗ ನಾಳೆ ಮದುವೆಯಾದಾಗ ಏನು ಮಾಡುತ್ತಾನೆ ಎಂಬ ಚಿಂತೆ, ವಿವಾಹ ಸಿದ್ಧತೆಯ ತರಗತಿ ನಡೆಸುವ ನನ್ನಂಥವರದು.

ತಾವಾಗಿ ಒಂಟಿತನ ಆರಿಸಿಕೊಂಡವರ ಕಥೆಯೂ ಒಂದಿದೆ. ‘ರೂನ್‌ಸ್ಕೇಪ್’ ಆಟದಲ್ಲಿ 2014ರಲ್ಲಿ ‘ಐರನ್‌ಮ್ಯಾನ್’ ಎಂಬ ಬಗೆ ಬಂತು: ಯಾರಿಂದಲೂ ಏನನ್ನೂ ಕೊಳ್ಳದೆ, ಪಡೆಯದೆ, ಎಲ್ಲವನ್ನೂ ಸ್ವಂತ ದುಡಿಮೆಯಿಂದ ಗಳಿಸುವುದು. ಬಹಳ ಜನಪ್ರಿಯವಾಯಿತು. ಮುಂದೆ 2021ರಲ್ಲಿ ಅದೇ ಆಟದ ಹಳೆಯ ಆವೃತ್ತಿಗೆ ಇಬ್ಬರಿಂದ ಐವರು ಸೇರಿ ಒಂದು ಕುಟುಂಬದಂತೆ ಹಂಚಿಕೊಂಡು ಆಡುವ ಐರನ್‌ಮ್ಯಾನ್ ಬಂತು. ಹೊರಗಿನವರ ಸಹಾಯ ಬೇಡ, ಆದರೆ ಮನೆಯವರ ಸಹಾಯ ಬೇಕು! ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಅಜ್ಜಿಯೂ ಮೊಮ್ಮಗನೂ ಒಂದೇ ಜೆರ್ಸಿ ತೊಟ್ಟು ಇಳಿಯುವುದನ್ನು ಅಲ್ಲಿ ನೋಡಬಹುದು. ಆ ಮೊಮ್ಮಗನೂ ಹಬ್ಬಕ್ಕೆ ಮುಂಚೆ ತಿಂಗಳುಗಟ್ಟಲೆ ಅಂಗಳದ ಗೋಡೆಗೆ ಒಬ್ಬನೇ ಚೆಂಡು ಬಡಿದಿರುತ್ತಾನೆ ಎಂಬುದನ್ನೂ ಮರೆಯಬಾರದು.

ಈಗ ಮಗಳ ವಿಷಯ. ನಮ್ಮ ಪಕ್ಕದ ಧರ್ಮಕೇಂದ್ರದ ಪದವಿ ವಿದ್ಯಾರ್ಥಿನಿಯೊಬ್ಬಳು ಇಂಥದೇ ಆಟದಲ್ಲಿ ಮೂವತ್ತು ಜನರ ಸಂಘಕ್ಕೆ ನಾಯಕಿ. ಆಟದವರು ಇದನ್ನು ಗಿಲ್ಡ್ ಎನ್ನುತ್ತಾರೆ. ಅವಳಿಗೆ ಒಂಟಿತನದ ತೊಂದರೆ ಇರಲಿಲ್ಲ, ಒಂಟಿಯಾಗಿರಲು ಒಂದು ಕ್ಷಣವೂ ಇರಲಿಲ್ಲ. ಯಾರೋ ಇಬ್ಬರು ಜಗಳವಾಡಿದರೆ ಇವಳು ರಾಜಿ ಮಾಡಬೇಕು. ಕೋಟೆಯ ಯುದ್ಧಕ್ಕೆ ಯಾರೋ ಬರದಿದ್ದರೆ ಇವಳು ಬೈಸಿಕೊಳ್ಳಬೇಕು. ಫೋನು ದಿಂಬಿನ ಪಕ್ಕದಲ್ಲಿ. ಇಂಟರ್ನಲ್ ಪರೀಕ್ಷೆಯ ಹಿಂದಿನ ರಾತ್ರಿ ಮೂರು ಗಂಟೆಯವರೆಗೆ ಎಚ್ಚರ. “ನಾನು ಬಿಟ್ಟರೆ ಅವರಿಗೆ ಯಾರೂ ಇಲ್ಲ ಫಾದರ್” ಎಂದಳು. ಅವಳ ತಾಯಿಗೂ ಆ ಮಾತೇ ಅಭ್ಯಾಸ. ಆ ಮನೆಯಲ್ಲಿ ತಾಯಿ ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಮಗಳಿಗೆ ನಾನು ಹೇಳಿದ್ದು ಹುಡುಗನಿಗೆ ಹೇಳಬೇಕಾಗಿದ್ದಕ್ಕೆ ತದ್ವಿರುದ್ಧ: ನಾಯಕತ್ವವನ್ನು ಇನ್ನೊಬ್ಬರಿಗೆ ಕೊಡು, ಒಂದು ತಿಂಗಳು ಒಬ್ಬಳೇ ಆಡು, ಮನಸ್ಸಿಲ್ಲದ ದಿನ ಆಡಬೇಡ. ಅವಳಿಲ್ಲದೆ ಸಂಘ ಮುಳುಗಲಿಲ್ಲ. ಮೊದಲು ಅದರಿಂದ ಅವಳಿಗೆ ಸ್ವಲ್ಪ ನೋವೂ ಆಯಿತು. ಮೋಶೆಗೆ ಅವನ ಮಾವ ಇತ್ರೋ ಹೇಳಿದ ಬುದ್ಧಿಮಾತನ್ನು ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಓದಿಕೊಳ್ಳಲು ಹೇಳಿ ಕಳುಹಿಸಿದೆ.

ಆದ್ದರಿಂದ ‘ಒಂಟಿ ಆಟ ಒಳ್ಳೆಯದೋ ಗುಂಪಿನ ಆಟ ಒಳ್ಳೆಯದೋ’ ಎಂದು ಕೇಳುವವರಿಗೆ ನನ್ನ ಬಳಿ ಒಂದೇ ಉತ್ತರವಿಲ್ಲ. ಯಾವ ಮಗು, ಯಾವ ಗುಂಪು, ಯಾವ ಹೊತ್ತು ಎಂದು ನಾನು ತಿರುಗಿ ಕೇಳುತ್ತೇನೆ. ಇದು ನುಣುಚಿಕೊಳ್ಳುವ ಉತ್ತರವಲ್ಲ. ಸಂತ ತೋಮಾಸ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಆಟದ ಬಗ್ಗೆ ಬರೆಯುವಾಗ ಇದನ್ನೇ ಕೇಳುತ್ತಾರೆ. ಆಟ ಅಶ್ಲೀಲವಾಗಿರಬಾರದು, ಯಾರಿಗೂ ಕೇಡು ಮಾಡಬಾರದು, ಮನಸ್ಸಿನ ಹಿಡಿತ ಪೂರ್ತಿ ತಪ್ಪಬಾರದು, ಆಡುವ ವ್ಯಕ್ತಿಗೂ ಕಾಲಕ್ಕೂ ಸ್ಥಳಕ್ಕೂ ಒಪ್ಪಬೇಕು ಎಂಬುದು ಅವರ ಅಭಿಪ್ರಾಯ. ಅಲ್ಲೇ ಸಂತ ಯೊವಾನ್ನರ ಒಂದು ಕಥೆ ಹೇಳುತ್ತಾರೆ. ಶಿಷ್ಯರ ಜೊತೆ ಆಟವಾಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಮೂಗು ಮುರಿದರು. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಬಾಣ ಬಿಡಲು ಹೇಳಿದರು. ಅವನು ಬಿಟ್ಟ, ಮತ್ತೆ ಮತ್ತೆ ಬಿಟ್ಟ. ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದರೆ, ಬಿಲ್ಲು ಮುರಿದೀತು ಎಂದ. ಎಳೆದೇ ಇಟ್ಟರೆ ಮನಸ್ಸೂ ಮುರಿಯುತ್ತದೆ ಎಂದರು ಯೊವಾನ್ನರು. ಅತಿಯಾಗಿ ಆಡುವುದು ತಪ್ಪು ಎನ್ನುವ ಅಕ್ವಿನಾಸರು, ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವುದು ಸಹ ತಪ್ಪೇ ಎನ್ನುತ್ತಾರೆ. ಈ ಎರಡನೆಯ ಭಾಗವನ್ನು ನಾವು ಗುರುಗಳು ಪ್ರಬೋಧನೆಯಲ್ಲಿ ಹೇಳುವುದು ಕಡಿಮೆ, ಅಪ್ಪಂದಿರು ಕೇಳಿಸಿಕೊಳ್ಳುವುದು ಇನ್ನೂ ಕಡಿಮೆ.

ಪರದೆಯ ಆಚೆಗಿರುವವರು ನಿಜವಾದ ಗೆಳೆಯರೇ ಎಂಬ ಅನುಮಾನ ನನಗೂ ಇತ್ತು. ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ಯುವಕನ ಬದುಕು ಅದನ್ನು ಬಹಳ ಮಟ್ಟಿಗೆ ಕಳೆಯಿತು. ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಡುಶೆನ್ ಎಂಬ ಕಾಯಿಲೆ ಅವನಿಗೆ. ಗಾಲಿಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡಿದ. 2014ರ ನವೆಂಬರಿನಲ್ಲಿ 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಗೆಳೆತನವನ್ನೇ ಕಾಣದೆ ಹೋದನಲ್ಲಾ ಎಂಬುದೇ ತಂದೆತಾಯಿಗಳ ದೊಡ್ಡ ದುಃಖವಾಗಿತ್ತು. ಸಾವಿನ ಸುದ್ದಿಯನ್ನು ತಂದೆ ಅವನ ಬ್ಲಾಗಿನಲ್ಲಿ ಹಾಕಿದಾಗ ನಾನಾ ದೇಶಗಳಿಂದ ಪತ್ರಗಳು ಬರತೊಡಗಿದವು. ಆಟದಲ್ಲಿ ಅವನ ಹೆಸರು ಐಬೆಲಿನ್. ‘ಸ್ಟಾರ್‌ಲೈಟ್’ ಎಂಬ ಅವರ ಸಂಘದಲ್ಲಿ ಎಷ್ಟೋ ಜನರ ಮನೆಯ ಕಷ್ಟ ಕೇಳಿ ಸಮಾಧಾನ ಹೇಳಿದವನು ಅವನು. ಶವಸಂಸ್ಕಾರಕ್ಕೆ ಬೇರೆ ದೇಶಗಳಿಂದ ಆ ಗೆಳೆಯರು ಬಂದರು. 2024ರಲ್ಲಿ ಅವನ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂತು. ಅದನ್ನು ನೋಡುವಾಗ ನನ್ನ ಮನಸ್ಸಿಗೆ ತಟ್ಟಿದ ಸಂಗತಿ ಇನ್ನೊಂದು: ಅಷ್ಟು ಪ್ರೀತಿಸಿದ ತಂದೆತಾಯಿಗಳಿಗೂ ಮಗ ಜೀವಂತ ಇರುವಾಗ ಐಬೆಲಿನ್ ಸರಿಯಾಗಿ ಪರಿಚಯವಾಗಲಿಲ್ಲ.

ನಿಮ್ಮ ಮಗನ ಪಾತ್ರದ ಹೆಸರೇನು, ಅದು ಮಾಡುವ ಕೆಲಸವೇನು, ಜೊತೆಗಿರುವವರು ಯಾರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ತನಿಖೆ ಮಾಡುವ ಪೊಲೀಸರಂತೆ ಬೇಡ, ಕಬಡ್ಡಿ ಪಂದ್ಯದಿಂದ ಬಂದವನನ್ನು ಕೇಳುವ ಹಾಗೆ ಕೇಳಿ. ಊರು, ಶಾಲೆ, ಮನೆಯ ಚಿತ್ರ, ಸ್ವಂತ ಫೋಟೊ ಇವನ್ನು ಗುರುತಿಲ್ಲದವರಿಗೆ ಕೊಡಬಾರದೆಂದು ಆ ಮಾತುಕತೆಯಲ್ಲೇ ಹೇಳಿಬಿಡಿ. ಯಾರಾದರೂ ಬೇಗ ಬೇಗನೆ ಬೇರೆಡೆ ಒಂಟಿಯಾಗಿ ಮಾತಾಡಲು ಕರೆದರೆ, ಹಣ ಕೇಳಿದರೆ, ಗುಟ್ಟು ಇಡಲು ಹೇಳಿದರೆ ಆ ಗುಂಪಿನಿಂದ ಅಂದೇ ಹೊರಬರಬೇಕು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಕಾಯ್ದೆಯ ಮೂಲಕ ನಿಷೇಧಿಸಿತು. ನಾನು ಹೇಳುತ್ತಿರುವ ಆಟಗಳು ಆ ಜಾತಿಯವಲ್ಲ, ಆದರೆ ಇವುಗಳಲ್ಲೂ ಅದೃಷ್ಟದ ಪೆಟ್ಟಿಗೆ ತೆರೆಯಲು ದುಡ್ಡು ಹಾಕಿಸುವ ಚಾಳಿ ಇದೆ. ಅಪ್ಪನ ಯುಪಿಐ ಗುಟ್ಟುಸಂಖ್ಯೆ ಮಗನಿಗೆ ತಿಳಿದಿರಬೇಕಾಗಿಲ್ಲ.

ಕೆಲವು ಮಕ್ಕಳಿಗೆ ನನ್ನ ಮಾತೂ ನಿಮ್ಮ ಮಾತೂ ಸಾಲದು. ಆಟದ ಮೇಲೆ ಹಿಡಿತವೇ ತಪ್ಪಿ, ಊಟ ನಿದ್ದೆ ಓದಿಗಿಂತ ಅದೇ ಮೇಲಾಗಿ, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದೆ ವರ್ಷವಿಡೀ ನಡೆದರೆ ಅದನ್ನು ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಗುರುತಿಸುತ್ತದೆ. 2022ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಚಿಕಿತ್ಸಾಲಯವಿದೆ. ಮನೆಯಿಂದಲೇ ಕೇಳಲು ಟೆಲಿ ಮಾನಸ್ 14416 ಇದೆ. ಅಲ್ಲಿಗೆ ಹೋಗುವುದರಲ್ಲಿ ಅವಮಾನವಿಲ್ಲ. ಭೂತ ಬಿಡಿಸಲು ನನ್ನ ಬಳಿ ಬರುವುದಕ್ಕಿಂತ ಅದು ಮೇಲು.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೊ ಅಕುಟಿಸ್ ಕೂಡ ವಿಡಿಯೊ ಆಟ ಆಡುತ್ತಿದ್ದ ಹುಡುಗ. ವಾರಕ್ಕೆ ಒಂದು ಗಂಟೆ ಎಂದು ತನಗೆ ತಾನೇ ಗೆರೆ ಹಾಕಿಕೊಂಡಿದ್ದನಂತೆ. ತಂದೆತಾಯಿಗಳು ಇದನ್ನು ಬೆತ್ತದಂತೆ ಬಳಸುವುದನ್ನು ಕಂಡಿದ್ದೇನೆ; ನನಗೆ ಅದು ಹಿಡಿಸುವುದಿಲ್ಲ. ಆ ಗೆರೆಯನ್ನು ಎಳೆದವನು ಅವನೇ, ಅವನ ಅಮ್ಮನಲ್ಲ. ಹೊರಗಿನಿಂದ ಹಾಕಿದ ಗೆರೆಯನ್ನು ಮಗು ನಿಧಾನವಾಗಿ ತನ್ನದಾಗಿಸಿಕೊಳ್ಳುವವರೆಗೆ ಯಾರಾದರೂ ಪಕ್ಕದಲ್ಲಿ ಇರಬೇಕಾಗುತ್ತದೆ.

ನಮ್ಮ ರೈಟರ್ ಅವರ ಮನೆಗೆ ಬರೋಣ. ನಾನು ಹೋಗಿ ಹುಡುಗನ ಮುಂದೆಯೇ ನನ್ನ ತಪ್ಪು ಒಪ್ಪಿಕೊಂಡೆ. ತಾಯಿ ಒಂದು ಭಾನುವಾರ ಪೂಜೆ ಮುಗಿಸಿ ಬಂದು ಆ ನರ್ಸ್ ಅಕ್ಕನೊಂದಿಗೆ ವಿಡಿಯೊದಲ್ಲಿ ಮಾತಾಡಿದರು. ಬೆಳ್ತಂಗಡಿಯ ಯಾರದೋ ಸಂಬಂಧ ಹುಡುಕಿ, ಅರ್ಧ ಗಂಟೆ ಹಲಸಿನಕಾಯಿ ಹಪ್ಪಳದ ಮಾತಾಯಿತಂತೆ. ಈಗ ಹುಡುಗ ವಾರದಲ್ಲಿ ಮೂರು ರಾತ್ರಿ ಗುಂಪಿನ ಜೊತೆ ಆಡುತ್ತಾನೆ, ಶನಿವಾರ ಮಧ್ಯಾಹ್ನ ಬೇಕಾದರೆ ಒಬ್ಬನೇ. ಪರೀಕ್ಷೆಯ ತಿಂಗಳಲ್ಲಿ ಎರಡೂ ಇಲ್ಲ. ಕಳೆದ ಸಲ ಹೋದಾಗ ಅಪ್ಪ ನನಗೆ ಪಾತ್ರದ ಹೆಸರು, ಅದು ಏಟು ತಡೆದುಕೊಳ್ಳುವ ಯೋಧ ಎಂಬುದು, ಅದರ ಗುರಾಣಿಯ ಬೆಲೆ ಎಲ್ಲ ವಿವರಿಸಿದರು. ಅಕ್ಕನಿಗೆ ಈಗ ಹಗಲು ಪಾಳಿ, ಹನ್ನೊಂದಕ್ಕೆ ಅವಳು ಹೊರಡುವುದಿಲ್ಲ. “ಹನ್ನೊಂದಾಯ್ತು, ಮಲಗಿ ಮಕ್ಕಳೇ” ಎನ್ನುವ ಕೆಲಸ ಅಪ್ಪನ ಪಾಲಿಗೆ ಬಂದಿದೆ. ತೋಟದಲ್ಲಿ ಆಳುಗಳನ್ನು ಕೂಗಿ ಅಭ್ಯಾಸವಾದ ಗಂಟಲು. ಪಕ್ಕದ ಕೋಣೆಯಿಂದ ಕೂಗಿದರೂ ಮೈಕಿನಲ್ಲಿ ಕಾಸರಗೋಡಿನವರೆಗೆ ಕೇಳಿಸುತ್ತದಂತೆ.